ಜ್ವರ ಬಂದಾಗ ಜಿಮ್, ಡಯಟ್ ಮುಂದುವರಿಸಬೇಕೇ? ಮೊದಲ ದಿನದಿಂದ ಮತ್ತೆ ಭಾರ ಎತ್ತುವವರೆಗೆ

ತೂಕ ಇಳಿಸಲು ಹೊರಟವರಿಗೆ ಜ್ವರ ಬಂದಾಗ ಮೈಕೈ ನೋವಿಗಿಂತ ಹೆಚ್ಚು ಕಾಡುವುದು "ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತಲ್ಲ" ಎಂಬ ಚಿಂತೆ. ಆದ್ದರಿಂದ ಮೊದಲು ಲೆಕ್ಕ ಹಾಕಿಬಿಡೋಣ. 78 ಕೆಜಿ ತೂಕದವರೊಬ್ಬರು ದಿನಕ್ಕೆ 2,400 ಕ್ಯಾಲೊರಿ ಖರ್ಚು ಮಾಡಿ 1,900 ಕ್ಯಾಲೊರಿ ಉಣ್ಣುತ್ತಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ 500ರ ಕೊರತೆ. ಐದು ದಿನ ಈ ಕೊರತೆ ಬಿಟ್ಟು, ದೇಹ ಖರ್ಚು ಮಾಡಿದಷ್ಟನ್ನೂ ಉಂಡರೆ ತಪ್ಪಿಹೋಗುವುದು 2,500 ಕ್ಯಾಲೊರಿ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿಯ ಲೆಕ್ಕದಲ್ಲಿ ಅದು 325 ಗ್ರಾಂ ಕೊಬ್ಬು. ಮೂರು ತಿಂಗಳ ಗುರಿ ಐದು ದಿನ ತಡವಾಗಿ ಮುಟ್ಟುತ್ತದೆ. ನಷ್ಟ ಇಷ್ಟೇ.

ಇಷ್ಟನ್ನು ಉಳಿಸಲು ಹೋಗಿ ಜ್ವರದಲ್ಲೇ ಟ್ರೆಡ್‌ಮಿಲ್ ಹತ್ತಿದರೆ ಅಪಾಯಕ್ಕೆ ಸಿಕ್ಕುವುದು ಹೃದಯದ ಸ್ನಾಯು, ಮೂತ್ರಪಿಂಡ, ಮತ್ತು ತಿಂಗಳುಗಟ್ಟಲೆ ಬೆವರು ಸುರಿಸಿ ಕಟ್ಟಿದ ಮಾಂಸಖಂಡ. ಹಾಗೆಂದು ಮೂಗು ಸೋರಿದ ಕೂಡಲೇ ವಾರವಿಡೀ ಮಲಗಬೇಕಿಲ್ಲ. ಯಾವ ಕಾಯಿಲೆಗೆ ಎಷ್ಟು ವಿರಾಮ, ಆ ದಿನಗಳಲ್ಲಿ ಏನು ತಿನ್ನಬೇಕು, ಮರಳುವಾಗ ಎಷ್ಟು ಕೆಜಿಯಿಂದ ಶುರು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಾಸಿಗೆ ಬಿಡುವ ಮುನ್ನ ಮಾಡಬೇಕಾದ ಅಳತೆ

"ಸ್ವಲ್ಪ ಬಿಸಿ ಇದೆ ಅನಿಸುತ್ತದೆ" ಎಂಬ ಅಂದಾಜಿನ ಮೇಲೆ ತೀರ್ಮಾನ ಬೇಡ. ಹಣೆ ಮುಟ್ಟಿ ನೋಡಿದರೆ ಜ್ವರ ಗೊತ್ತಾಗುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ನಾಲಿಗೆಯ ಕೆಳಗೆ, ಒಂದು ಬದಿಗೆ ಒತ್ತಿ, ಬಾಯಿ ಮುಚ್ಚಿ, ಬೀಪ್ ಶಬ್ದ ಬರುವವರೆಗೂ ಹಿಡಿಯಿರಿ. ಕಾಫಿ ಅಥವಾ ಬಿಸಿನೀರು ಕುಡಿದಿದ್ದರೆ 20 ನಿಮಿಷ ಕಾಯಿರಿ. ಕಂಕುಳಲ್ಲಿ ಇಟ್ಟರೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. 100.4 ಡಿಗ್ರಿ ದಾಟಿದರೆ ಜ್ವರವೇ, ಅದರಲ್ಲಿ ಚರ್ಚೆಯಿಲ್ಲ. 99.5ರಿಂದ 100.4ರ ನಡುವೆ ಇದ್ದು ಮೈಕೈ ನೋವೂ ಇದ್ದರೆ ಅದನ್ನೂ ಜ್ವರವೆಂದೇ ಎಣಿಸಿ. ಪ್ಯಾರಾಸಿಟಮಾಲ್ ನುಂಗಿ ನಾಲ್ಕರಿಂದ ಆರು ಗಂಟೆ ಥರ್ಮಾಮೀಟರಿನ ಮಾತನ್ನು ನಂಬುವಂತಿಲ್ಲ. "ಡೋಲೋ ತಗೊಂಡೆ, ಈಗ 98 ಇದೆ, ಜಿಮ್‌ಗೆ ಹೋಗಬಹುದಾ?" ಎಂಬ ಪ್ರಶ್ನೆಗೆ ಉತ್ತರ ಹೋಗಬೇಡಿ ಎಂದೇ. ಮಾತ್ರೆ ಇಳಿಸಿದ್ದು ಮೈಯ ಬಿಸಿಯನ್ನು; ವೈರಸ್ ಒಳಗೆ ಹಾಗೆಯೇ ಇದೆ.

ಎರಡನೆಯದು ನಾಡಿ. ಎದ್ದ ಕೂಡಲೇ, ಇನ್ನೂ ಮಲಗಿರುವಾಗಲೇ, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಬಡಿತ ಏರುತ್ತದೆ. ನಿಮ್ಮ ಎಂದಿನ ಸಂಖ್ಯೆ 62 ಆಗಿದ್ದು ಇವತ್ತು 74 ಇದ್ದರೆ, ಥರ್ಮಾಮೀಟರ್ ಏನೇ ಹೇಳಲಿ, ಅಂದು ವ್ಯಾಯಾಮ ಬೇಡ. ಇದಕ್ಕೆ ಎಂದಿನ ಸಂಖ್ಯೆ ಗೊತ್ತಿರಬೇಕು. ಆರೋಗ್ಯವಾಗಿರುವಾಗಲೇ ಒಂದು ವಾರ ಬರೆದಿಟ್ಟುಕೊಂಡರೆ ಮುಂದೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಸ್ಮಾರ್ಟ್‌ವಾಚ್ ಇದ್ದರೆ ಅದರಲ್ಲೇ ಹಳೆಯ ವಾರಗಳ ದಾಖಲೆ ಸಿಗುತ್ತದೆ.

ಇಷ್ಟಾದ ಮೇಲೆ ಲಕ್ಷಣಗಳನ್ನು ತಲೆಯಿಂದ ಕಾಲಿನವರೆಗೆ ಒಂದೊಂದಾಗಿ ಕೇಳಿಕೊಳ್ಳಿ: ತಲೆನೋವು, ಮೂಗು, ಗಂಟಲು, ಎದೆ, ಹೊಟ್ಟೆ, ಕೀಲು, ಚರ್ಮದ ಮೇಲೆ ದದ್ದು.

ಕತ್ತಿನ ಗೆರೆ, ಮತ್ತು ಅದು ಕೈಕೊಡುವ ಜಾಗ

ಕ್ರೀಡಾ ವೈದ್ಯರು ಬಹಳ ಕಾಲದಿಂದ ಬಳಸುವ ಒಂದು ಸುಲಭ ಗೆರೆಯಿದೆ. ಲಕ್ಷಣವೆಲ್ಲ ಕತ್ತಿನ ಮೇಲಷ್ಟೇ ಇದ್ದರೆ, ಅಂದರೆ ಮೂಗು ಕಟ್ಟಿದೆ, ಸೀನು ಬರುತ್ತಿದೆ, ಗಂಟಲು ಸ್ವಲ್ಪ ಕೆರೆಯುತ್ತಿದೆ ಎಂದಾದರೆ, ಹಗುರವಾದ ವ್ಯಾಯಾಮ ಮಾಡಬಹುದು. ಕತ್ತಿನ ಕೆಳಗೆ ಇಳಿದಿದ್ದರೆ, ಅಂದರೆ ಎದೆಯಲ್ಲಿ ಕಫ, ಗೊರಗೊರ ಕೆಮ್ಮು, ಮೈಕೈ ನೋವು, ಚಳಿ, ವಾಂತಿ, ಭೇದಿ ಇದ್ದರೆ, ಮನೆಯಲ್ಲೇ ಇರಬೇಕು. ಜ್ವರವಿದ್ದರೆ ಲಕ್ಷಣ ಎಲ್ಲೇ ಇರಲಿ, ವಿರಾಮ.

ಮೊದಲ ಭಾಗಕ್ಕೆ ಪ್ರಯೋಗದ ಆಧಾರವಿದೆ. ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕ ಯುವತಿಯರಿಗೆ ನೆಗಡಿಯ ವೈರಸ್ಸನ್ನೇ ಸೋಂಕಿಸಿ, ಒಂದು ಗುಂಪಿಗೆ ದಿನ ಬಿಟ್ಟು ದಿನ 40 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಿಸಿದರು, ಇನ್ನೊಂದು ಗುಂಪಿಗೆ ಮಾಡಿಸಲಿಲ್ಲ. ನೆಗಡಿಯ ತೀವ್ರತೆಯಲ್ಲೂ ಅವಧಿಯಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಾಮಾನ್ಯ ನೆಗಡಿಯಲ್ಲಿ ಹಿತಮಿತವಾದ ವ್ಯಾಯಾಮದಿಂದ ಕೆಡುಕೂ ಇಲ್ಲ, ನೆಗಡಿ ಬೇಗ ಬಿಡುವುದೂ ಇಲ್ಲ.

ಆದರೆ ನಮ್ಮ ಊರುಗಳಲ್ಲಿ ಈ ಗೆರೆಯನ್ನೇ ನೆಚ್ಚಿಕೊಂಡರೆ ಮೋಸಹೋಗುತ್ತೀರಿ. ಡೆಂಗಿ ಎಷ್ಟೋ ಸಲ ಶುರುವಾಗುವುದೇ ತಲೆನೋವು ಮತ್ತು ಕಣ್ಣಿನ ಹಿಂದಿನ ನೋವಿನಿಂದ. ಅದು ಕತ್ತಿನ ಮೇಲಿನ ಲಕ್ಷಣವೇ. ಹಾಗಾಗಿ ಇನ್ನೊಂದು ನಿಯಮ ಸೇರಿಸಿಕೊಳ್ಳಿ: ಮೂಗು ಸೋರದೆ, ಸೀನಿಲ್ಲದೆ, ಬರೀ ತಲೆನೋವು ಮತ್ತು ಸುಸ್ತು ಇದ್ದರೆ ಆ ದಿನ ಜಿಮ್ ಬೇಡ, ಸಂಜೆ ಮತ್ತೆ ಜ್ವರ ಅಳೆಯಿರಿ.

ನಿಮಗೆ ಮಾಡುವ ಶಕ್ತಿ ಇದ್ದರೂ ಇನ್ನೊಬ್ಬರ ಯೋಚನೆ ಬೇಕು. ಎಸಿ ಹಾಕಿ ಕಿಟಕಿ ಮುಚ್ಚಿದ ಜಿಮ್‌ನಲ್ಲಿ ಎಲ್ಲರೂ ಏದುಸಿರು ಬಿಡುತ್ತಿರುತ್ತಾರೆ, ಎಲ್ಲರೂ ಅದೇ ಡಂಬಲ್ ಹಿಡಿಯುತ್ತಾರೆ. ಸೀನು, ಕೆಮ್ಮು ಇರುವ ದಿನ ವ್ಯಾಯಾಮ ಮನೆಯಲ್ಲೋ ತಾರಸಿಯ ಮೇಲೋ ನಡೆಯಲಿ.

ಜ್ವರದಲ್ಲಿ ಬೆವರು ಹರಿಸಿದರೆ ಆಗುವುದೇನು

"ಚೆನ್ನಾಗಿ ಬೆವರಿದರೆ ಜ್ವರ ಬಿಡುತ್ತದೆ" ಎಂಬ ಮಾತು ಹಳೆಯದು. ನಿಜದಲ್ಲಿ ಜ್ವರ ಬಿಡುವಾಗ ಬೆವರು ಬರುತ್ತದೆ. ಬೆವರು ತರಿಸಿದ ಮಾತ್ರಕ್ಕೆ ಜ್ವರ ಬಿಡುವುದಿಲ್ಲ. ಜ್ವರದಲ್ಲಿ ಮಿದುಳು ಮೈಯ ಬಿಸಿಯನ್ನು ಬೇಕೆಂದೇ ಮೇಲಿನ ಮಟ್ಟದಲ್ಲಿ ಹಿಡಿದಿರುತ್ತದೆ. ಅದರ ಮೇಲೆ ಓಟದ ಬಿಸಿಯೂ ಸೇರಿದರೆ 102 ಇದ್ದದ್ದು 104ಕ್ಕೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ. ನೀರು ಮೊದಲೇ ಕಡಿಮೆಯಾಗಿರುವ ದೇಹಕ್ಕೆ ಅದನ್ನು ತಣಿಸುವ ಬೆವರೂ ಸಾಲುವುದಿಲ್ಲ.

ಹೃದಯದ ವಿಷಯ ಇದಕ್ಕಿಂತ ಗಂಭೀರ. ಕಾಕ್ಸಾಕಿ, ಇನ್‌ಫ್ಲುಯೆಂಜಾ, ಕೋವಿಡ್ ಮುಂತಾದ ವೈರಸ್‌ಗಳು ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಗಲುತ್ತವೆ. ಇದೇ ಮಯೋಕಾರ್ಡೈಟಿಸ್, ಹೃದಯಸ್ನಾಯುವಿನ ಉರಿಯೂತ. ಕಾಕ್ಸಾಕಿ ಸೋಂಕಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ ಹೃದಯದೊಳಗಿನ ವೈರಸ್ ನೂರಾರು ಪಟ್ಟು ಹೆಚ್ಚಿದ್ದನ್ನು 1970ರಲ್ಲೇ ಪ್ರಯೋಗಗಳು ತೋರಿಸಿದ್ದವು. ಮನುಷ್ಯರಲ್ಲಿ ಇದು ಅಪರೂಪ, ನಿಜ. ಆದರೆ ಬಂದವರಿಗೆ ಮೂರರಿಂದ ಆರು ತಿಂಗಳು ಶ್ರಮದ ವ್ಯಾಯಾಮವೇ ನಿಷಿದ್ಧ. ಯುವ ಆಟಗಾರರಲ್ಲಿ ಹಠಾತ್ ಹೃದಯಸ್ತಂಭನಕ್ಕಿರುವ ಕಾರಣಗಳಲ್ಲಿ ಇದೂ ಒಂದು. 325 ಗ್ರಾಂ ಕೊಬ್ಬಿನ ಎದುರು ಇದನ್ನಿಟ್ಟು ತೂಗಿ ನೋಡಿ.

ಮೂರನೆಯದು ಮಾಂಸಖಂಡ. ಜ್ವರದಲ್ಲಿ ದೇಹ ರೋಗದೊಡನೆ ಹೋರಾಡಲು ಸ್ನಾಯುವಿನ ಪ್ರೋಟೀನನ್ನೇ ಕರಗಿಸಿ ಬಳಸುತ್ತದೆ. ಆ ಹೊತ್ತಿಗೆ ಭಾರ ಎತ್ತಿದರೆ ಸ್ನಾಯುವಿಗೆ ಪೆಟ್ಟು ಬೀಳುತ್ತದೆ, ಅದನ್ನು ಸರಿಪಡಿಸುವ ಸಾಮಗ್ರಿ ಬೇರೆ ಕೆಲಸಕ್ಕೆ ಹೋಗಿರುತ್ತದೆ. ಅತಿಯಾದರೆ ಸ್ನಾಯುವಿನ ಕೋಶಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ವ್ಯಾಯಾಮದ ಮರುದಿನ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿ ತೊಡೆ ಊದಿದರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಬರೀ ನೆಗಡಿ ಇದ್ದ ದಿನದ ವ್ಯಾಯಾಮ

ಜ್ವರವಿಲ್ಲ, ನಾಡಿ ಎಂದಿನಂತಿದೆ, ಮೂಗು ಮಾತ್ರ ಕಟ್ಟಿದೆ. ಆಗ ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ನಡೆದ ಮೇಲೆ ತಲೆ ಹಗುರಾಗಿ ಮೂಗು ಬಿಟ್ಟರೆ ಮುಂದುವರಿಯಿರಿ. ತಲೆ ಭಾರವಾದರೆ, ಚಳಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ಒಟ್ಟು 30–40 ನಿಮಿಷ ಸಾಕು. ಉಸಿರು ಕಟ್ಟದೆ ಪೂರ್ತಿ ವಾಕ್ಯ ಮಾತಾಡುವಂತಿರಬೇಕು. ಸ್ಕ್ವಾಟ್‌ನಲ್ಲಿ ಎಂದಿನಂತೆ 60 ಕೆಜಿ, 8 ರೆಪ್ (ಒಂದೇ ಸುತ್ತಿನಲ್ಲಿ ಎತ್ತುವ ಸಲ), ನಾಲ್ಕು ಸೆಟ್ (ಸುತ್ತು) ಮಾಡುವವರು 40 ಕೆಜಿ, 8 ರೆಪ್, ಎರಡು ಸೆಟ್‌ಗೆ ಇಳಿಯಲಿ. ಉಸಿರು ಬಿಗಿಹಿಡಿದು ಎತ್ತುವ ಭಾರದ ಡೆಡ್‌ಲಿಫ್ಟ್, ತಲೆ ತಗ್ಗಿಸುವ ಆಸನಗಳು, ಶೀರ್ಷಾಸನ, ಬರ್ಪಿ ಇವೆಲ್ಲ ಬೇಡ. ಸೈನಸ್ ತುಂಬಿರುವಾಗ ಒತ್ತಡ ನೇರವಾಗಿ ಹಣೆ ಮತ್ತು ಕಿವಿಗೆ ಏರುತ್ತದೆ. ಕಿವಿ ಮುಚ್ಚಿದ್ದರೆ ಈಜಬೇಡಿ.

ಆ ರಾತ್ರಿ ನಿದ್ದೆ ಎಂಟು ಗಂಟೆಗಿಂತ ಕಡಿಮೆಯಾಗದಿರಲಿ. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು, ಐದೂವರೆ ಗಂಟೆಯ ನಿದ್ದೆಯಲ್ಲಿ ಎದ್ದು ಮಾಡುವ ವ್ಯಾಯಾಮಕ್ಕಿಂತ ನೆಗಡಿಯ ದಿನ ನಿದ್ದೆಯೇ ಲಾಭದಾಯಕ.

ಡಯಟ್ ಅನ್ನು ಅಂದೇ ನಿಲ್ಲಿಸಿ, ಪ್ರೋಟೀನ್ ಬಿಡಬೇಡಿ

ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಮೂಲ ಖರ್ಚು ಶೇ 10ರಿಂದ 13ರಷ್ಟು ಹೆಚ್ಚುತ್ತದೆ. 102 ಡಿಗ್ರಿ ಫ್ಯಾರನ್‌ಹೀಟ್ ಜ್ವರವೆಂದರೆ ಎರಡು ಡಿಗ್ರಿ ಸೆಲ್ಸಿಯಸ್ ಏರಿಕೆ. 78 ಕೆಜಿಯವರ ಮೂಲ ಖರ್ಚು 1,700 ಎಂದುಕೊಂಡರೂ ಇನ್ನೂ 350–400 ಕ್ಯಾಲೊರಿ ಬೇಕು. ಓಡಾಟ ನಿಂತಿರುವುದರಿಂದ ಒಟ್ಟು ಖರ್ಚು ಹೆಚ್ಚುಕಡಿಮೆ ಎಂದಿನಷ್ಟೇ ಇರುತ್ತದೆ. ಹೀಗಿರುವಾಗ ಎರಡು ಬಿಸ್ಕತ್ತು, ಒಂದು ಲೋಟ ಕಷಾಯದಲ್ಲಿ ದಿನ ತಳ್ಳಿದರೆ ಕೊರತೆ 1,500 ದಾಟುತ್ತದೆ, ಅದರಲ್ಲಿ ಗಣನೀಯ ಪಾಲನ್ನು ಮಾಂಸಖಂಡವೇ ತುಂಬಿಕೊಡಬೇಕಾಗುತ್ತದೆ.

"ಲಂಘನಂ ಪರಮೌಷಧಂ" ಎಂದು ಹಿರಿಯರು ಹೇಳುವುದುಂಟಲ್ಲ ಎನ್ನಬಹುದು. ಮೊದಲ ದಿನ ಹಸಿವೇ ಇಲ್ಲದಾಗ, ನೀರು ಕುಡಿಯುತ್ತ ಒಂದು ಹೊತ್ತು ಊಟ ಬಿಟ್ಟರೆ ತೊಂದರೆಯಿಲ್ಲ. ಬಲವಂತವಾಗಿ ತುರುಕಬಾರದು ಎಂಬಷ್ಟರ ಮಟ್ಟಿಗೆ ಆ ಮಾತು ಸರಿಯೇ. ತೂಕ ಇಳಿಸುವವರು ಅದನ್ನೇ ನೆಪಮಾಡಿಕೊಂಡು ಮೂರು ದಿನ ಉಪವಾಸ ಬೀಳುವುದು ಬೇರೆ ಸಂಗತಿ. 16 ಗಂಟೆ ಉಪವಾಸದ ಪದ್ಧತಿ ಇಟ್ಟುಕೊಂಡವರು ಅದನ್ನೂ ಬಿಡಿ. ಕಾಯಿಲೆಯಲ್ಲಿ ಎರಡು ದೊಡ್ಡ ಊಟ ಸೇರುವುದಿಲ್ಲ, ಆರು ಸಣ್ಣ ಊಟ ಸೇರುತ್ತದೆ. ಅನ್ನ, ಸಕ್ಕರೆ ಬಿಡುವ ಕೀಟೋ ಡಯಟ್ ಮಾಡುತ್ತಿರುವವರು ಗಂಜಿಗೆ ಹೆದರಬೇಡಿ.

ಪ್ರೋಟೀನ್ ಒಂದು ಕೆಜಿ ತೂಕಕ್ಕೆ 1.2 ಗ್ರಾಂನಂತೆ ದೊರಕಿಸಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು. 78 ಕೆಜಿಗೆ ಸುಮಾರು 90 ಗ್ರಾಂ ಆಗುತ್ತದೆ. ಜ್ವರದ ಬಾಯಿಗೆ ರುಚಿಸುವ ನಮ್ಮ ಅಡುಗೆಯಲ್ಲೇ ಇದನ್ನು ಹೀಗೆ ಹೊಂದಿಸಬಹುದು. ಬೆಳಗ್ಗೆ ಎದ್ದ ಮೇಲೆ 30 ಗ್ರಾಂ ರಾಗಿಹಿಟ್ಟು, 200 ಮಿಲಿ ಹಾಲು, ಒಂದು ಚಮಚ ಬೆಲ್ಲದ ತೆಳು ಗಂಜಿ. ಒಂಬತ್ತೂವರೆಗೆ ಮೂರು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ. ನಡುವೆ ಉಪ್ಪು ಹಾಕಿದ ನೀರು ಮಜ್ಜಿಗೆ. ಮಧ್ಯಾಹ್ನ 50 ಗ್ರಾಂ ಹೆಸರುಬೇಳೆ, 60 ಗ್ರಾಂ ಅಕ್ಕಿ ಸೇರಿಸಿ ಚೆನ್ನಾಗಿ ಬೇಯಿಸಿದ ಕಿಚಡಿ, ಒಂದು ಟೀ ಚಮಚ ತುಪ್ಪ, ಸಣ್ಣ ಬಟ್ಟಲು ಮೊಸರು. ಸಂಜೆ ನೀರಲ್ಲಿ ಕಲಸಿದ ಒಂದು ಸ್ಕೂಪ್ ವೇ ಪ್ರೋಟೀನ್, ಒಂದು ಬಾಳೆಹಣ್ಣು. ರಾತ್ರಿ ಮೆತ್ತಗಿನ ಅನ್ನ, ಮೆಣಸಿನ ಸಾರು, ಜೊತೆಗೆ 100 ಗ್ರಾಂ ಪನೀರ್ ಅಥವಾ ಬೇಯಿಸಿದ ಕೋಳಿ. ಒಟ್ಟು ಸುಮಾರು 2,000 ಕ್ಯಾಲೊರಿ, 90 ಗ್ರಾಂ ಆಸುಪಾಸು ಪ್ರೋಟೀನ್. ಮೊಟ್ಟೆ ತಿನ್ನದವರು ಬೆಳಗ್ಗೆಯೇ ಪನೀರ್ ಅಥವಾ ಇನ್ನೊಂದು ಲೋಟ ಹಾಲು ಸೇರಿಸಬೇಕು. ಇದರಲ್ಲಿ ಮುಕ್ಕಾಲು ಭಾಗ ಒಳಗೆ ಹೋದರೂ ಆ ದಿನಕ್ಕೆ ಒಳ್ಳೆಯ ಕೆಲಸವೇ ಆಯಿತು. ಹಸಿ ಸಲಾಡ್, ಮೊಳಕೆಕಾಳು, ಓಟ್ಸ್ ತವಡು ಮುಂತಾದ ಡಯಟ್ ಪದಾರ್ಥಗಳು ಹೊಟ್ಟೆ ತುಂಬಿಸುತ್ತವೆ, ಶಕ್ತಿ ಕೊಡುವುದು ಕಡಿಮೆ. ಈ ವಾರ ಅವು ಬೇಡ.

ನೀರಿನ ಲೆಕ್ಕಕ್ಕೆ ಬಾಟಲಿಗಿಂತ ಮೂತ್ರ ನೋಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಹೋಗುತ್ತಿರಬೇಕು, ಬಣ್ಣ ತಿಳಿಹಳದಿ ಇರಬೇಕು.

ವಾಂತಿ ಭೇದಿಯಲ್ಲಿ ಸಕ್ಕರೆಗೆ ಹೆದರಬೇಡಿ

ಡಯಟ್ ಮಾಡುವವರು ಇಲ್ಲಿ ಮಾಡುವ ತಪ್ಪು ಒಂದೇ: ಓಆರ್‌ಎಸ್ ಬದಲು ಉಪ್ಪು ನಿಂಬೆ ನೀರು ಕುಡಿಯುತ್ತಾರೆ, ಸಕ್ಕರೆ ಬಿಟ್ಟುಬಿಡುತ್ತಾರೆ. ಕರುಳಿನ ಗೋಡೆಯಲ್ಲಿ ಸೋಡಿಯಂ ಒಳಗೆ ಹೋಗುವುದು ಗ್ಲೂಕೋಸ್ ಜೊತೆಗೂಡಿದಾಗ. ಅವೆರಡರ ಹಿಂದೆ ನೀರು ಹೋಗುತ್ತದೆ. ಸಕ್ಕರೆ ತೆಗೆದರೆ ಇಡೀ ಏರ್ಪಾಡೇ ಕೆಲಸ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಶಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ ಇರುತ್ತದೆ. 13.5 ಗ್ರಾಂ ಗ್ಲೂಕೋಸ್ ಎಂದರೆ 54 ಕ್ಯಾಲೊರಿ. ಎರಡು ಮಾರಿ ಬಿಸ್ಕತ್ತಿಗಿಂತ ಹೆಚ್ಚೇನೂ ಇಲ್ಲ. ಪೊಟ್ಟಣ ಒಂದು ಲೀಟರಿನದೋ 200 ಮಿಲಿಯದೋ ನೋಡಿ ಅಷ್ಟೇ ನೀರಿಗೆ ಪೂರ್ತಿ ಸುರಿಯಿರಿ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ಭೇದಿ ಹೆಚ್ಚುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಎಳನೀರಿನಲ್ಲಿ ಪೊಟ್ಯಾಶಿಯಂ ಇದೆ, ಸೋಡಿಯಂ ಕಡಿಮೆ. ಜೊತೆಗೆ ಕುಡಿಯಬಹುದು, ಓಆರ್‌ಎಸ್ ಜಾಗಕ್ಕೆ ಬಾರದು. ಟೆಟ್ರಾಪ್ಯಾಕಿನ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಿ ಕೊಳ್ಳಬೇಡಿ.

ಭೇದಿ ನಿಂತು ಪೂರ್ತಿ ಒಂದು ದಿನ ಸರಿಯಾಗಿ ಉಂಡ ಮೇಲಷ್ಟೇ ನಡಿಗೆ.

ಮಾತ್ರೆ ಮತ್ತು ಜಿಮ್ ಡಬ್ಬಿ

ಶೀತದ ಮಾತ್ರೆಗಳಲ್ಲಿ ಬಹುಪಾಲಿನಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಮೇಲೆ ಡೋಲೋ 650 ನುಂಗಿದರೆ ಗೊತ್ತಿಲ್ಲದೆ ಎರಡು ಪಟ್ಟಾಗುತ್ತದೆ. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಉಣ್ಣದೆ ಇರುವವರು, ಮದ್ಯಪಾನಿಗಳು ಅದಕ್ಕಿಂತ ಬಹಳ ಕೆಳಗೆ ಇರಬೇಕು. ಅದೇ ಶೀತದ ಮಾತ್ರೆಯಲ್ಲಿ ಮೂಗು ಬಿಡಿಸಲು ಫಿನೈಲ್‌ಎಫ್ರಿನ್‌ನಂಥ ಔಷಧವೂ ಇರುವುದರಿಂದ ರಕ್ತದೊತ್ತಡ ಏರಬಹುದು, ಎದೆ ಹೊಡೆದುಕೊಳ್ಳಬಹುದು. ಅದರ ಮೇಲೆ ಕೆಫೀನ್ ತುಂಬಿದ ಪ್ರೀ-ವರ್ಕೌಟ್ ಅಥವಾ ಫ್ಯಾಟ್ ಬರ್ನರ್ ಬೇಡವೇ ಬೇಡ.

ಭೇದಿಗೆ, ಮೂತ್ರದ ಸೋಂಕಿಗೆ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಆಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳು ಸ್ನಾಯುರಜ್ಜುವನ್ನು, ಅದರಲ್ಲೂ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವನ್ನು ದುರ್ಬಲಗೊಳಿಸಬಲ್ಲವು. ಮಾತ್ರೆ ಮುಗಿದ ಮೇಲೂ ಕೆಲವು ವಾರ ಜಿಗಿತ, ಸ್ಕಿಪ್ಪಿಂಗ್, ವೇಗದ ಓಟ ಬೇಡ. ಹಿಮ್ಮಡಿ ನೋಯತೊಡಗಿದರೆ ವೈದ್ಯರಿಗೆ ತಿಳಿಸಿ.

ಸಕ್ಕರೆ ಕಾಯಿಲೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ವಾಂತಿ, ಭೇದಿ, ಊಟವಿಲ್ಲದ ಸ್ಥಿತಿಯಲ್ಲಿ ಅದನ್ನು ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೇ ಅಪಾಯವಾಗಬಹುದು, ಸಕ್ಕರೆ ಅಷ್ಟೇನೂ ಏರದಿದ್ದರೂ ಸಹ. ಅಂದೇ ವೈದ್ಯರಿಗೆ ಫೋನ್ ಮಾಡಿ ನಿಲ್ಲಿಸಬೇಕೇ ಎಂದು ಕೇಳಿ. ಇನ್ಸುಲಿನ್ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸುವಂತಿಲ್ಲ. ತೂಕ ಇಳಿಸಲು ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದು ಪಡೆಯುತ್ತಿರುವವರಿಗೂ ಇದೇ ಮಾತು: ಹಸಿವನ್ನು ಮೊದಲೇ ಅಡಗಿಸಿರುವ ಔಷಧದ ಮೇಲೆ ವಾಂತಿಯೂ ಸೇರಿದರೆ ನೀರು ಬತ್ತಿ ಮೂತ್ರಪಿಂಡಕ್ಕೆ ಪೆಟ್ಟು. ಮುಂದಿನ ಡೋಸ್‌ಗೆ ಮುನ್ನ ವೈದ್ಯರನ್ನು ಕೇಳಿ.

ಮಳೆಗಾಲದ ಜ್ವರ

ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಮಳೆಗಾಲದಲ್ಲಿ ಎರಡು ದಿನ ದಾಟಿದ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸುವುದೇ ಸರಿ: ಡೆಂಗಿ ಪತ್ತೆಗೆ ಮೊದಲ ಐದು ದಿನದೊಳಗೆ ಎನ್‌ಎಸ್1 ಪರೀಕ್ಷೆ, ಆಮೇಲಾದರೆ ಐಜಿಎಂ ಪರೀಕ್ಷೆ, ಜೊತೆಗೆ ಪ್ಲೇಟ್‌ಲೆಟ್ ಎಣಿಕೆ. ವ್ಯಾಯಾಮ ಮಾಡುವವರು ಡೆಂಗಿಯಲ್ಲಿ ಎಡವುವುದು ಜ್ವರ ಬಿಟ್ಟ ದಿನ. ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುತ್ತದೆ, "ಹುಷಾರಾದೆ" ಎನಿಸುತ್ತದೆ. ರಕ್ತನಾಳಗಳಿಂದ ದ್ರವ ಸೋರುವ ಅಪಾಯದ ಘಟ್ಟ ಶುರುವಾಗುವುದೂ ಆ 24ರಿಂದ 48 ಗಂಟೆಗಳಲ್ಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನ ರಕ್ತ, ವಿಪರೀತ ಸುಸ್ತು, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದು ವೈದ್ಯರು ಸರಿ ಎನ್ನುವವರೆಗೆ ಭಾರ ಎತ್ತುವುದು, ಕಬಡ್ಡಿ, ಫುಟ್‌ಬಾಲ್ ಬೇಡ.

ಚಿಕುನ್‌ಗುನ್ಯಾದಲ್ಲಿ ಕೀಲುನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಊದಿದ ಕೀಲಿಗೆ ಭಾರ ಹಾಕದೆ ಬಾಗಿಸಿ ಚಾಚುವ ಚಲನೆಯಷ್ಟೇ ಮಾಡಿ. ಟೈಫಾಯ್ಡ್‌ನಲ್ಲಿ ಕರುಳಿಗೆ ಹುಣ್ಣಾಗಿರುತ್ತದೆ. ಮೂರನೇ ವಾರದ ಹೊತ್ತಿಗೆ ಅದು ತೂತಾಗುವ ಅಪಾಯವೂ ಇರುವುದರಿಂದ ಹೊಟ್ಟೆಯ ಮೇಲೆ ಒತ್ತಡ ಬೀಳುವ ಕ್ರಂಚ್, ಡೆಡ್‌ಲಿಫ್ಟ್‌ಗಳಿಗೆ ವೈದ್ಯರ ಅನುಮತಿ ಬೇಕೇ ಬೇಕು. ನವೆಂಬರಿನಿಂದ ಮೇ ನಡುವೆ ಮಲೆನಾಡಿನ ಕಾಡಿನಲ್ಲಿ ಓಡಾಡಿ ಬಂದವರಿಗೆ ಜೋರು ಜ್ವರ, ತಲೆನೋವು ಬಂದರೆ ಮಂಗನ ಕಾಯಿಲೆಯ ಸಂಶಯ ಇಟ್ಟುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಬೇಕು.

ಮರಳುವ ಮೆಟ್ಟಿಲು

ಶುರು ಮಾಡುವ ಮುನ್ನ ಮೂರೂ ಆಗಿರಬೇಕು: ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಂದಿಲ್ಲ, ಊಟ ಎಂದಿನಂತಾಗಿದೆ, ಬೆಳಗಿನ ನಾಡಿ ಎಂದಿನ ಸಂಖ್ಯೆಯಿಂದ ಐದು ಬಡಿತದೊಳಗಿದೆ. ಮೂರು ದಿನದ ಸಾಮಾನ್ಯ ವೈರಲ್ ಜ್ವರ ಬಂದು ಹೋದವರ ಮಾದರಿಯನ್ನು, ಎಂದಿನ ಸ್ಕ್ವಾಟ್ 80 ಕೆಜಿ ಎಂದಿಟ್ಟುಕೊಂಡು, ನೋಡೋಣ.

1. ಮೊದಲ ಎರಡು ದಿನ: ಸಮತಟ್ಟಾದ ಜಾಗದಲ್ಲಿ 15–20 ನಿಮಿಷ ನಡಿಗೆ. ಮೆಟ್ಟಿಲು, ಏರು ಬೇಡ.
2. ಮೂರು, ನಾಲ್ಕನೇ ದಿನ: 30 ನಿಮಿಷ ನಡಿಗೆ, ಭಾರವಿಲ್ಲದ ಸ್ಕ್ವಾಟ್ 10, ಗೋಡೆಗೆ ಪುಶ್‌ಅಪ್ 10, ಎರಡು ಸುತ್ತು.
3. ಐದನೇ ದಿನ: ಜಿಮ್. ಎಂದಿನ ಭಾರದ ಅರ್ಧ, ಅಂದರೆ 40 ಕೆಜಿ, 8 ರೆಪ್, ಎರಡು ಸೆಟ್. ಮರುದಿನ ವಿರಾಮ.
4. ಏಳನೇ ದಿನ: 55 ಕೆಜಿ, ಎರಡು ಸೆಟ್. ಮರುದಿನ ನಡಿಗೆಯಷ್ಟೇ.
5. ಒಂಬತ್ತು ಅಥವಾ ಹತ್ತನೇ ದಿನ: 70 ಕೆಜಿ, ಮೂರು ಸೆಟ್.
6. ಅದರ ನಂತರದ ಸರದಿಗೆ 80 ಕೆಜಿ. ಇಂಟರ್ವಲ್ ಓಟ, ಎಚ್‌ಐಐಟಿ (ಬಿಟ್ಟು ಬಿಟ್ಟು ಮಾಡುವ ತೀವ್ರ ವ್ಯಾಯಾಮ) ಇವೆಲ್ಲ ಇದಾದ ಮೇಲೆ.

ಪ್ರತಿ ಮೆಟ್ಟಿಲಿನ ಮರುದಿನ ಬೆಳಗ್ಗೆ ನಾಡಿ ನೋಡಿ. ಹತ್ತು ಬಡಿತ ಏರಿದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ, ಒಂದು ಮೆಟ್ಟಿಲು ಕೆಳಗಿಳಿದು ಎರಡು ದಿನ ಅಲ್ಲೇ ಇರಿ. ಡೆಂಗಿ, ಟೈಫಾಯ್ಡ್, ನ್ಯುಮೋನಿಯಾ ಆದವರಿಗೆ ಇದೇ ಮೆಟ್ಟಿಲುಗಳಿಗೆ ಮೂರರಿಂದ ಆರು ವಾರ ಬೇಕಾಗಬಹುದು. ಕೆಲವರಿಗೆ ವ್ಯಾಯಾಮದ ದಿನ ಚೆನ್ನಾಗಿಯೇ ಇದ್ದು ಒಂದೆರಡು ದಿನ ಬಿಟ್ಟು ಹಾಸಿಗೆ ಹಿಡಿಯುವಷ್ಟು ಸುಸ್ತಾಗುತ್ತದೆ. ಅಂಥವರು ಛಲಕ್ಕೆ ಬಿದ್ದು ಹೆಚ್ಚಿಸುತ್ತ ಹೋದರೆ ಗುಣವಾಗುವುದೇ ತಡವಾಗುತ್ತದೆ.

40 ಕೆಜಿಯೇ ಭಾರ ಎನಿಸಿದರೆ ಎದೆಗುಂದಬೇಡಿ. ಎರಡು ವಾರ ಬಿಟ್ಟರೂ ಸ್ನಾಯುವಿನ ಬಲ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಸ್ನಾಯುವಿನೊಳಗಿನ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಮತ್ತು ನೀರು ಖಾಲಿಯಾಗಿರುವುದರಿಂದ ತೋಳು ಸಣ್ಣಗೆ ಕಾಣುತ್ತದೆ, ಭಾರ ಹೆಚ್ಚೆನಿಸುತ್ತದೆ. ಒಂದು ವಾರ ಸರಿಯಾಗಿ ಉಂಡರೆ ತುಂಬಿಕೊಳ್ಳುತ್ತದೆ. ಓಟದ ದಮ್ಮು ಮಾತ್ರ ಬೇಗ ಇಳಿಯುತ್ತದೆ, ಅದನ್ನು ನಡಿಗೆಯಿಂದಲೇ ಮತ್ತೆ ಕಟ್ಟಬೇಕು.

ಮರಳುವಾಗ ಎದೆನೋವು, ಎದೆಬಡಿತ ತಪ್ಪಿದಂತಾಗುವುದು, ಮೊದಲು ಸಲೀಸಾಗಿ ಹತ್ತುತ್ತಿದ್ದ ಒಂದು ಮಹಡಿಗೇ ಏದುಸಿರು, ಕಣ್ಣುಕತ್ತಲೆ, ಪಾದದ ಊತ ಕಂಡರೆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ. ಹೃದಯದ ಪರೀಕ್ಷೆಗಳಾದ ಇಸಿಜಿ, ಟ್ರೋಪೋನಿನ್, ಎಕೋ ಮಾಡಿಸಿದ ಮೇಲೆಯೇ ಮುಂದಿನ ಮಾತು.

ತೂಕದ ಯಂತ್ರ ಮತ್ತು ಮತ್ತೆ ಕೊರತೆ ಶುರುಮಾಡುವ ದಿನ

ಐದು ದಿನದ ಜ್ವರದಲ್ಲಿ ಮೂರು ಕೆಜಿ ಇಳಿದರೆ ಖುಷಿಪಡಬೇಡಿ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಖಾಲಿಯಾದಾಗ ಅದೂ ಹೋಗುತ್ತದೆ, ಕರುಳಲ್ಲಿನ ಆಹಾರ ಹೋಗುತ್ತದೆ, ಬೆವರು ಹೋಗುತ್ತದೆ. ಕೊಬ್ಬಿನ ಪಾಲು ಅದರಲ್ಲಿ ಚಿಕ್ಕದು. ಅದೇ ಕಾರಣಕ್ಕೆ, ಅನ್ನ ಸಾರು ಉಣ್ಣಲು ಶುರು ಮಾಡಿದ ಎರಡು ಮೂರು ದಿನದಲ್ಲಿ ಒಂದೂವರೆ ಎರಡು ಕೆಜಿ ಮೇಲೇರಿದರೆ ಗಾಬರಿಯೂ ಬೇಡ. ಹೆಚ್ಚಿನವರು ಡಯಟ್ ಕೆಡಿಸಿಕೊಳ್ಳುವುದು ಈ ಏರಿಕೆ ನೋಡಿದಾಗಲೇ; ಹೆದರಿ 1,200 ಕ್ಯಾಲೊರಿಗೆ ಇಳಿಯುತ್ತಾರೆ. ಜ್ವರ ಬಿಟ್ಟು ಏಳು ದಿನವಾಗುವವರೆಗೆ ಯಂತ್ರದ ಮೇಲೆ ನಿಲ್ಲಬೇಡಿ. ಆಮೇಲೂ ಹೊಕ್ಕುಳಿನ ಮಟ್ಟದ ಸುತ್ತಳತೆಯನ್ನು ಟೇಪಿನಲ್ಲಿ ಜೊತೆಗೆ ಅಳೆಯಿರಿ.

ಮೂರನೇ ಮೆಟ್ಟಿಲು ದಾಟುವವರೆಗೆ ಖರ್ಚಿನಷ್ಟೇ ಉಣ್ಣಿ, ಅಂದರೆ 2,400ರ ಆಸುಪಾಸು, ಪ್ರೋಟೀನ್ ಕೆಜಿಗೆ 1.6 ಗ್ರಾಂ. ಆಮೇಲೆ ಒಂದು ವಾರ 250ರ ಕೊರತೆ. ಎಂದಿನ ಭಾರ ಎಂದಿನ ರೆಪ್‌ಗೆ ಎತ್ತಲು ಬಂದ ಮೇಲೆ ಹಳೆಯ 500ಕ್ಕೆ ಹೋಗಿ. ದೊಡ್ಡ ಜ್ವರದ ಎರಡು ಮೂರು ತಿಂಗಳ ಬಳಿಕ ಕೂದಲು ಉದುರುವುದು ಸಾಮಾನ್ಯ, ಬಹುತೇಕರಿಗೆ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಜ್ವರದ ಬೆನ್ನಿಗೇ ಕಟ್ಟುನಿಟ್ಟಾದ ಡಯಟ್ ಮಾಡಿದವರಿಗೆ ಇದು ಹೆಚ್ಚು.

ತೂಕ ಇಳಿಯುತ್ತಿರುವುದೇ ಕಾಯಿಲೆಯಾಗಿದ್ದರೆ

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಅದರ ಜೊತೆ ತೂಕ ಇಳಿಕೆ ಇದ್ದರೆ ಡಯಟ್ ಫಲ ಕೊಡುತ್ತಿದೆ ಎಂದು ಸುಮ್ಮನಿರಬೇಡಿ. ಇವು ಕ್ಷಯದ ಲಕ್ಷಣಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ರಕ್ತದ ಸಕ್ಕರೆ ನೋಡಿಸಿ. ಕೈ ನಡುಕ, ಕೂತಲ್ಲೇ ಎದೆಬಡಿತ, ಸೆಕೆ ತಡೆಯಲಾಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗುರುತಿಸುವುದು ಸುಲಭ: ಎರಡು ವಾರದಲ್ಲಿ ಇಳಿದ ತೂಕವನ್ನು ನಿಮ್ಮ ಕೊರತೆಯ ಲೆಕ್ಕದೊಡನೆ ಹೋಲಿಸಿ. ದಿನಕ್ಕೆ 500ರ ಕೊರತೆಗೆ ಎರಡು ವಾರದಲ್ಲಿ 900 ಗ್ರಾಂ ಇಳಿಯಬೇಕು. ಡಯಟ್ ಶುರುವಾಗಿ ತಿಂಗಳಾದ ಮೇಲೂ ಎರಡು ವಾರಕ್ಕೆ ಎರಡೂವರೆ, ಮೂರು ಕೆಜಿ ಇಳಿಯುತ್ತಲೇ ಇದ್ದರೆ, ಡಯಟ್ ಪಟ್ಟಿಯನ್ನು ಬದಿಗಿಟ್ಟು ಬರೆದಿಟ್ಟ ತೂಕದ ದಾಖಲೆಯನ್ನು ವೈದ್ಯರಿಗೆ ತೋರಿಸಿ.